ದಳವಿಲ್ಲದ ಹೂವು ಮತ್ತು ಬಿ.ಜಿ.ಎಲ್. ಸ್ವಾಮಿ

ಬೋಧನಾಭ್ಯಾಸದ ಅವಧಿಯಲ್ಲಿ ನನಗೆ ಸಿಕ್ಕಿದ್ದು ಅಂಜನಾಪುರದ ಒಂದು ಪ್ರೌಢಶಾಲೆ, ಒಂಬತ್ತನೆಯ ತರಗತಿ, ಅಂಗಾಂಶಗಳು ಎಂಬ ಘಟಕ. ಸಸ್ಯದೊಳಗೆ ನೀರು ಮೇಲೇರುವ ಕ್ಸೈಲಂ ಅಂಗಾಂಶದಲ್ಲಿ ಟ್ರೇಕೀಡ್‌ಗಳು, ನಾಳಗಳು, ಕ್ಸೈಲಂ ಪೇರೆಂಕೈಮ, ಕ್ಸೈಲಂ ತಂತುಗಳು ಎಂದು ನಾಲ್ಕು ಬಗೆಯ ಜೀವಕೋಶಗಳಿವೆ. ಅವನ್ನು ಕಪ್ಪುಹಲಗೆಯ ಮೇಲೆ ಬರೆದು, ಹೂ ಬಿಡುವ ಸಸ್ಯಗಳಲ್ಲಿ ನಾಳಗಳಿರುತ್ತವೆ, ಪೈನ್‌ನಂಥ ಸಸ್ಯಗಳಲ್ಲಿ ಟ್ರೇಕೀಡ್ ಮಾತ್ರ ಇರುತ್ತದೆ ಎಂದೆ. ಎರಡನೆಯ ಸಾಲಿನ ಹುಡುಗಿಯೊಬ್ಬಳು ಎದ್ದು, ಹೂ ಬಿಡುವ ಎಲ್ಲ ಗಿಡಗಳಲ್ಲೂ ನಾಳ ಇದೆಯಾ ಮಿಸ್, ಯಾರಾದರೂ ಎಲ್ಲವನ್ನೂ ಕತ್ತರಿಸಿ ನೋಡಿದ್ದಾರಾ ಎಂದು ಕೇಳಿದಳು. ನನ್ನ ಪಾಠಯೋಜನೆಯಲ್ಲಿ ಈ ಪ್ರಶ್ನೆಗೆ ಜಾಗವಿರಲಿಲ್ಲ. ನಾಳೆ ಹೇಳುತ್ತೇನೆ ಎಂದು ಕೂರಿಸಿದೆ.

ಉತ್ತರ ಹುಡುಕುತ್ತಾ ಹೋದಾಗ ಸಿಕ್ಕಿದವರು ನಮ್ಮೂರಿನವರೇ ಆದ ಬಿ.ಜಿ.ಎಲ್. ಸ್ವಾಮಿ. ಕನ್ನಡ ಓದುವವರಿಗೆ ಅವರು ಹಸುರು ಹೊನ್ನಿನ ಲೇಖಕರು. ನಾನೂ ಅವರನ್ನು ಹಾಗೆಯೇ ತಿಳಿದಿದ್ದೆ. ನನ್ನ ವಿದ್ಯಾರ್ಥಿನಿ ಕೇಳಿದ ಪ್ರಶ್ನೆಯನ್ನೇ ಹಿಡಿದು ಅವರು ವರ್ಷಗಟ್ಟಲೆ ಸೂಕ್ಷ್ಮದರ್ಶಕದ ಮುಂದೆ ಕುಳಿತಿದ್ದರು ಎಂಬುದು ಗೊತ್ತಿರಲಿಲ್ಲ. ಮರುದಿನ 40 ನಿಮಿಷದ ಪೀರಿಯಡ್ಡಿನಲ್ಲಿ ಅವರ ಜೀವನವನ್ನು ಮಕ್ಕಳಿಗೆ ಹೇಳಿದೆ. ಆ ದಿನ ಹೇಳಿದ ಒಂದು ವಿಷಯವನ್ನು ಮುಂದಿನ ವಾರ ನಾನೇ ತಿದ್ದಬೇಕಾಯಿತು. ಆ ಜೀವನಕಥೆಯನ್ನೂ ತಿದ್ದಿದ ಬಗೆಯನ್ನೂ ಸಹ ಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾದೀತೆಂದು ಇಲ್ಲಿ ಬರೆದಿದ್ದೇನೆ.

ಬಸವನಗುಡಿಯ ಮನೆ

ಬೆಂಗಳೂರು ಗುಂಡಪ್ಪ ಲಕ್ಷ್ಮೀನಾರಾಯಣ ಸ್ವಾಮಿ ಎಂಬುದು ಅವರ ಪೂರ್ಣ ಹೆಸರು. ತಂದೆ ಡಿ.ವಿ. ಗುಂಡಪ್ಪ, ನಾವೆಲ್ಲ ಡಿವಿಜಿ ಎಂದು ಕರೆಯುವ ಮಂಕುತಿಮ್ಮನ ಕಗ್ಗದ ಕವಿ. ಮುಳಬಾಗಿಲಿನಿಂದ ಬಂದು ಪತ್ರಿಕೆಗಳಲ್ಲಿ ಬರೆಯುತ್ತಾ ಬೆಂಗಳೂರಿನಲ್ಲಿ ನೆಲೆ ನಿಂತವರು. ಡಿವಿಜಿಯವರು ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಲಿಲ್ಲ. ಆದರೆ ಆ ಮನೆಯಲ್ಲಿ ಓದು ಮಾತ್ರ ನಿಲ್ಲಲಿಲ್ಲ. ಸಂಸ್ಕೃತ, ಕನ್ನಡ, ಇಂಗ್ಲಿಷ್ ಪುಸ್ತಕಗಳ ನಡುವೆ, ಬಂದು ಹೋಗುವ ವಿದ್ವಾಂಸರ ಮಾತಿನ ನಡುವೆ ಸ್ವಾಮಿ ಬೆಳೆದರು. ತಾಯಿ ಭಾಗೀರಥಮ್ಮನವರನ್ನು ಚಿಕ್ಕಂದಿನಲ್ಲೇ ಕಳೆದುಕೊಂಡರು.

ಮಕ್ಕಳಿಗೆ ಈ ಭಾಗ ಹೇಳುವಾಗ ನಕ್ಷೆ ಬೇಕಾಗಲಿಲ್ಲ. ನಮ್ಮ ಕಡೆಯಿಂದ ಹಸಿರು ಮಾರ್ಗದ ಮೆಟ್ರೋ ಹಿಡಿದರೆ ಬನಶಂಕರಿ, ಜಯನಗರ ದಾಟಿ ಸೌತ್ ಎಂಡ್ ಸರ್ಕಲ್, ಅದರ ಮುಂದೆ ಲಾಲ್‌ಬಾಗ್. ಸ್ವಾಮಿಯವರು ಬೆಳೆದ ಬಸವನಗುಡಿ ಅಲ್ಲೇ ಪಕ್ಕದಲ್ಲಿದೆ. ಅಲ್ಲಿನ ಒಂದು ರಸ್ತೆಗೆ ಈಗ ಡಿವಿಜಿ ಹೆಸರೇ ಇದೆ. ದೊಡ್ಡ ವಿಜ್ಞಾನಿಗಳೆಂದರೆ ವಿದೇಶದವರೇ ಎಂದುಕೊಂಡಿದ್ದ ಮಕ್ಕಳಿಗೆ, ನಾವು ಇಳಿದು ಹತ್ತುವ ನಿಲ್ದಾಣಗಳ ಆಸುಪಾಸಿನಲ್ಲೇ ಒಬ್ಬರು ಓಡಾಡಿಕೊಂಡಿದ್ದರು ಎಂಬುದು ಹೊಸ ವಿಷಯವಾಗಿತ್ತು.

ಸೀತಾಳೆಯ ಬೀಜ

ಸ್ವಾಮಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದರು. ಸಂಶೋಧನೆಗೆ ಅವರು ಆರಿಸಿಕೊಂಡದ್ದು ಆರ್ಕಿಡ್‌ಗಳನ್ನು, ಮಲೆನಾಡಿನಲ್ಲಿ ಸೀತಾಳೆ, ಸೀತೆದಂಡೆ ಎಂದು ಕರೆಯುವ ಹೂಗಳ ಕುಟುಂಬವನ್ನು. ಮರದ ಕೊಂಬೆಯ ಮೇಲೆ ಬೆಳೆಯುವ ಸಿಂಬಿಡಿಯಂ ಬೈಕಲರ್, ಘಟ್ಟದ ಹುಲ್ಲುಗಾವಲಿನಲ್ಲಿ ನಸುಗೆಂಪು ಹೂತೆನೆ ಎತ್ತುವ ಸಟೈರಿಯಂ ನೇಪಾಲೆನ್ಸ್, ನೆಲದಲ್ಲಿ ಬೆಳೆಯುವ ಪುಟ್ಟ ಜ್ಯೂಕ್ಸೈನ್ ಸಲ್ಕೇಟ, ಇಂಥವನ್ನು ಒಂದೊಂದಾಗಿ ತೆಗೆದುಕೊಂಡು ಅವುಗಳ ಅಂಡಾಶಯದೊಳಗೆ ಭ್ರೂಣ ಹೇಗೆ ಬೆಳೆಯುತ್ತದೆ ಎಂದು ನೋಡಿದರು.

ಆರ್ಕಿಡ್ ಬೀಜ ಹಿಟ್ಟಿನಷ್ಟು ಸಣ್ಣದು. ಒಂದು ಕಾಯಿಯಲ್ಲಿ ಸಾವಿರಗಟ್ಟಲೆ ಇರುತ್ತವೆ. ಅವರೆ, ಕಡಲೆ ಬೀಜಗಳಲ್ಲಿ ಕಾಣುವ ಬೀಜದಳ ಇದರಲ್ಲಿಲ್ಲ. ಜೋಳದಲ್ಲಿರುವಂತೆ ಮೊಳಕೆಗೆ ಬೇಕಾದ ಆಹಾರದ ಬುತ್ತಿಯೂ ಇಲ್ಲ. ಒಳಗಿರುವುದು ಬೇರು, ಕಾಂಡ ಎಂದು ಇನ್ನೂ ಬೇರ್ಪಡದ ಕೆಲವೇ ಜೀವಕೋಶಗಳ ಒಂದು ಮುದ್ದೆ. ಮಣ್ಣಿನ ಅಥವಾ ತೊಗಟೆಯ ಶಿಲೀಂಧ್ರದ ನೆರವಿಲ್ಲದೆ ಅದು ಕಾಡಿನಲ್ಲಿ ಮೊಳೆಯಲಾರದು. ಇಷ್ಟು ಸಣ್ಣ ಭ್ರೂಣದ ಒಂದೊಂದು ಕೋಶ ಎಲ್ಲಿ ಸೀಳಿತು, ಯಾವ ಕೋಶದಿಂದ ಏನಾಯಿತು ಎಂದು ಗುರುತಿಸುವುದು ಎಷ್ಟು ಕಷ್ಟ ಎಂಬುದು ಒಂದು ಸಲವಾದರೂ ಮೈಕ್ರೋಟೋಮ್ ಹಿಡಿದವರಿಗೆ ಗೊತ್ತು. ಅಂಡಾಶಯವನ್ನು ರಾಸಾಯನಿಕದಲ್ಲಿ ಹಾಕಿ ಕೆಡದಂತೆ ಮಾಡಬೇಕು. ಹಂತ ಹಂತವಾಗಿ ಆಲ್ಕೊಹಾಲಿನಲ್ಲಿ ನೀರನ್ನು ತೆಗೆಯಬೇಕು. ಮೇಣದಲ್ಲಿ ಹುದುಗಿಸಿ, ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ತೆಳ್ಳಗೆ ಸೀಳಬೇಕು. ಆ ಸೀಳುಗಳನ್ನು ಸರಿಯಾದ ಕ್ರಮದಲ್ಲಿ ಗಾಜಿನ ಮೇಲೆ ಅಂಟಿಸಿ, ಬಣ್ಣ ಹಾಕಿ, ನೋಡಿ, ಕೈಯಿಂದ ಚಿತ್ರ ಬರೆಯಬೇಕು. ನೂರು ಸೀಳಿನಲ್ಲಿ ಬೇಕಾದ ಹಂತ ಒಂದರಲ್ಲಿ ಸಿಕ್ಕರೆ ಅದೃಷ್ಟ.

ಸ್ವಾಮಿ ಹೀಗೆ ಹಲವು ಆರ್ಕಿಡ್‌ಗಳನ್ನು ನೋಡಿ, ಅವುಗಳ ಭ್ರೂಣ ಬೆಳೆಯುವ ರೀತಿಗಳನ್ನು ಗುಂಪು ಮಾಡಿದರು. ಇದು ವರ್ಗೀಕರಣಕ್ಕೆ ಸಂಬಂಧಪಟ್ಟ ಕೆಲಸವೂ ಹೌದು. ಹೊರಗಿನ ದಳ, ಬಣ್ಣ ನೋಡಿ ಸಂಬಂಧಿಕರೆಂದುಕೊಂಡ ಸಸ್ಯಗಳು ಒಳಗೂ ಹಾಗೆಯೇ ಇವೆಯೇ ಎಂದು ಪರೀಕ್ಷಿಸಲು ಭ್ರೂಣ ಒಂದು ಸಾಕ್ಷಿ. ಮೈಸೂರು ವಿಶ್ವವಿದ್ಯಾನಿಲಯ ಅವರಿಗೆ ಡಿ.ಎಸ್‌ಸಿ. ಪದವಿ ಕೊಟ್ಟಿತು. ಆರ್ಕಿಡ್ ಭ್ರೂಣಗಳ ಬಗ್ಗೆ ಅವರು ಬರೆದ ಎರಡು ದೀರ್ಘ ಲೇಖನಗಳು 1949ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಪ್ರಕಟವಾದವು.

ಬಿದಿರಿನ ಗಿಣ್ಣು ಮತ್ತು ಊದುಗೊಳವೆ

1940ರ ದಶಕದ ಕೊನೆಯ ವರ್ಷಗಳಲ್ಲಿ ಸ್ವಾಮಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ ಹೋದರು. ಅಲ್ಲಿ ಅವರಿಗೆ ಸಿಕ್ಕ ಗುರು ಇರ್ವಿಂಗ್ ಬೈಲಿ, ಮರದ ಒಳರಚನೆಯನ್ನು ಓದುವುದರಲ್ಲಿ ಆ ಕಾಲದ ದೊಡ್ಡ ಹೆಸರು. ನನ್ನ ವಿದ್ಯಾರ್ಥಿನಿಯ ಪ್ರಶ್ನೆ ಬರುವುದು ಇಲ್ಲಿ.

ಟ್ರೇಕೀಡಿಗೂ ನಾಳಕ್ಕೂ ಇರುವ ವ್ಯತ್ಯಾಸವನ್ನು ನಾನು ತರಗತಿಯಲ್ಲಿ ಬಿದಿರಿನಿಂದ ತೋರಿಸಿದೆ. ಬಿದಿರಿನ ಗಳದಲ್ಲಿ ಗಿಣ್ಣು ಗಿಣ್ಣಿಗೂ ಒಳಗೆ ಅಡ್ಡಗೋಡೆ ಇರುತ್ತದೆ. ಒಂದು ತುದಿಯಲ್ಲಿ ಊದಿದರೆ ಗಾಳಿ ಇನ್ನೊಂದು ತುದಿಗೆ ಹೋಗುವುದಿಲ್ಲ. ಅಡ್ಡಗೋಡೆಗಳನ್ನು ಕಾದ ಕಂಬಿಯಿಂದ ತೂತು ಮಾಡಿದರೆ ಅದೇ ಗಳ ಒಲೆ ಊದುವ ಕೊಳವೆಯಾಗುತ್ತದೆ. ಟ್ರೇಕೀಡುಗಳು ಅಡ್ಡಗೋಡೆ ಇರುವ ಗಳದಂತೆ. ಆದರೆ ಅವುಗಳ ಗೋಡೆಯಲ್ಲಿ ಕಿಂಡಿಗಳಿವೆ, ಕಿಂಡಿಗೆ ತೆಳುಬಟ್ಟೆ ಕಟ್ಟಿದಂತೆ ಒಂದು ಪೊರೆ ಇದೆ. ನೀರು ಆ ಪೊರೆಯ ಮೂಲಕ ಸೋಸಿಕೊಂಡು ಮುಂದಿನ ಕೋಶಕ್ಕೆ ಹೋಗಬೇಕು. ನಾಳಗಳಲ್ಲಿ ಕೋಶಗಳ ತುದಿ ತೆರೆದುಕೊಂಡಿರುತ್ತದೆ; ಒಂದರ ತುದಿಗೆ ಒಂದು ಸೇರಿ ಊದುಗೊಳವೆಯಂತಾಗಿ ನೀರು ಸಲೀಸಾಗಿ ಹರಿಯುತ್ತದೆ.

ಹೂ ಬಿಡುವ ಸಸ್ಯಗಳಲ್ಲಿ ಬಹುಪಾಲು ನಾಳವಿರುವವೇ. ಆದರೆ ಎಲ್ಲವೂ ಅಲ್ಲ. ನಾಳವಿಲ್ಲದ ಕೆಲವೇ ಹೂಸಸ್ಯಗಳು ಅಲ್ಲಲ್ಲಿ ಉಳಿದುಕೊಂಡಿವೆ, ಅವು ಬಹಳ ಹಳೆಯ ಕವಲುಗಳಾಗಿರಬಹುದು ಎಂಬುದು ಬೈಲಿಯವರ ಆಸಕ್ತಿಯ ವಿಷಯ. 1948ರಲ್ಲಿ ಬೈಲಿ ಮತ್ತು ಸ್ವಾಮಿ ಸೇರಿ ನ್ಯೂ ಕ್ಯಾಲಿಡೋನಿಯ ದ್ವೀಪದ ಅಂಬೋರೆಲ್ಲ ಎಂಬ ಪೊದೆಗಿಡದಲ್ಲಿ ನಾಳಗಳಿಲ್ಲ ಎಂದು ಪ್ರಕಟಿಸಿದರು. ಆಗ ಅದು ಸಸ್ಯಶಾಸ್ತ್ರಜ್ಞರಿಗೆ ಮಾತ್ರ ಕುತೂಹಲದ ಸುದ್ದಿ. 51 ವರ್ಷಗಳ ನಂತರ, 1999ರಲ್ಲಿ, ಡಿಎನ್‌ಎ ಹೋಲಿಕೆಯಿಂದ ಇದೇ ಅಂಬೋರೆಲ್ಲ ಉಳಿದೆಲ್ಲ ಹೂಸಸ್ಯಗಳಿಂದ ಮೊದಲು ಬೇರೆಯಾದ ಕವಲಿನ ಗಿಡ ಎಂದು ಕಂಡುಬಂತು. ಬಸವನಗುಡಿಯಿಂದ ಹೋದ ಸ್ವಾಮಿ ಆ ಗಿಡದ ಕಾಂಡವನ್ನು ಸೀಳಿ ನೋಡಿದ್ದರು ಎಂದು ಹೇಳಿದಾಗ ನನ್ನ ತರಗತಿ ನಿಶ್ಶಬ್ದವಾಯಿತು.

ಎರಡನೆಯ ಗಿಡ ನಮ್ಮ ಕಾಡಿಗೆ ಹತ್ತಿರದ್ದು. 1950ರಲ್ಲಿ ಸ್ವಾಮಿ ಮತ್ತು ಬೈಲಿ ಸಾರ್ಕಾಂಡ್ರ ಎಂಬ ಜಾತಿಯ ಗಿಡಗಳಲ್ಲೂ ನಾಳಗಳಿಲ್ಲ ಎಂದು ಬರೆದರು.

ಕಾಡಿನ ನೆರಳಿನ ಹೂವು

ಸಾರ್ಕಾಂಡ್ರ ಎಂಬ ಜಾತಿಯನ್ನು 1845ರಲ್ಲಿ ಹೆಸರಿಸಿದವರು ಸಿಲೋನಿನ ಪೆರಾಡೆನಿಯ ಸಸ್ಯೋದ್ಯಾನದ ಜಾರ್ಜ್ ಗಾರ್ಡ್ನರ್. ಪಶ್ಚಿಮಘಟ್ಟದ ಎತ್ತರದಲ್ಲಿ, ವರ್ಷವೆಲ್ಲ ಹಸಿರಾಗಿರುವ ಕಾಡಿನ ನೆರಳಿನಲ್ಲಿ, ದೊಡ್ಡ ಮರಗಳ ಕೆಳಗೆ ಬೆಳೆಯುವ ಪೊದೆ ಇದು. ಎದುರುಬದುರಾಗಿ ಎಲೆಗಳು, ಎಲೆಯಂಚಿನಲ್ಲಿ ಗರಗಸದ ಹಲ್ಲು, ಕೊಂಬೆಯ ತುದಿಯಲ್ಲಿ ಸಣ್ಣ ಹೂತೆನೆ. ಹೂವನ್ನು ನೋಡಿದರೆ ಇದನ್ನೂ ಹೂವೆನ್ನುತ್ತಾರೆಯೇ ಅನ್ನಿಸುತ್ತದೆ. ಪುಷ್ಪಪತ್ರವಿಲ್ಲ, ದಳವಿಲ್ಲ. ಒಂದು ಅಂಡಾಶಯ, ಅದರ ಪಕ್ಕಕ್ಕೆ ಅಂಟಿಕೊಂಡಂತೆ ಒಂದೇ ಒಂದು ದಪ್ಪ ಕೇಸರ, ಬುಡದಲ್ಲಿ ಒಂದು ಪುಟ್ಟ ಎಲೆ. ಅಷ್ಟೇ. ಮಾಂಸಲ ಕೇಸರ ಎಂಬುದೇ ಗ್ರೀಕ್ ಮೂಲದ ಈ ಹೆಸರಿನ ಅರ್ಥ. ಹೂವಿಗಿಂತ ಮುಂದೆ ಬರುವ ಸಣ್ಣ ಹಣ್ಣೇ ಹೆಚ್ಚು ಕಣ್ಣಿಗೆ ಬೀಳುತ್ತದೆ.

ದಳಗಳೇ ಇಲ್ಲದ ಹೂವನ್ನು ಯಾವ ಕುಟುಂಬಕ್ಕೆ ಸೇರಿಸುವುದು? ನಾವು ಪದವಿ ತರಗತಿಯಲ್ಲಿ ಓದಿದ ಬೆಂಥಮ್ ಮತ್ತು ಹೂಕರ್ ಪದ್ಧತಿಯಲ್ಲಿ ಇದರ ಕುಟುಂಬವಾದ ಕ್ಲೊರಾಂತೇಸಿಯನ್ನು ಕರಿಮೆಣಸಿನ ಕುಟುಂಬದ ಪಕ್ಕದಲ್ಲಿ ಇಟ್ಟಿದ್ದರು. ಎರಡರಲ್ಲೂ ಹೂ ಸಣ್ಣದು, ದಳವಿಲ್ಲ, ತೆನೆಯಲ್ಲಿ ಜೋಡಣೆ. ಹೊರನೋಟಕ್ಕೆ ಹೊಂದುತ್ತದೆ. ಆದರೆ ದಳ ಇಲ್ಲದಿರುವುದು ನೆಂಟಸ್ತಿಕೆಯ ಗುರುತೇ ಆಗಬೇಕೆಂದಿಲ್ಲ. ಬೇರೆ ಬೇರೆ ವಂಶಗಳು ಬೇರೆ ಬೇರೆ ಕಾಲದಲ್ಲಿ ದಳ ಕಳೆದುಕೊಂಡಿರಬಹುದು. ಸ್ವಾಮಿ ಈ ಇಡೀ ಕುಟುಂಬವನ್ನು ಕೈಗೆತ್ತಿಕೊಂಡರು. ಮರ, ಎಲೆ, ಹೂ, ಭ್ರೂಣ ಎಲ್ಲವನ್ನೂ ನೋಡಿ 1953ರಲ್ಲಿ ಅದರ ರಚನೆ ಮತ್ತು ಸಂಬಂಧಗಳ ಬಗ್ಗೆ ಹಾರ್ವರ್ಡಿನ ಆರ್ನಾಲ್ಡ್ ಆರ್ಬೊರೇಟಂ ಪತ್ರಿಕೆಯಲ್ಲಿ ದೀರ್ಘ ಲೇಖನ ಪ್ರಕಟಿಸಿದರು. ಇಂದು ಈ ಕುಟುಂಬವನ್ನು ಮೆಣಸಿನ ಜೊತೆ ಇಡುವುದಿಲ್ಲ. 2009ರ ಎಪಿಜಿ ವರ್ಗೀಕರಣದಲ್ಲಿ ಅದಕ್ಕೆ ಕ್ಲೊರಾಂತೇಲಿಸ್ ಎಂಬ ಪ್ರತ್ಯೇಕ ಗಣವೇ ಇದೆ. ಆ ಗಣದಲ್ಲಿರುವುದು ಇದೊಂದೇ ಕುಟುಂಬ, ಕುಟುಂಬದಲ್ಲಿ ನಾಲ್ಕೇ ಜಾತಿಗಳು.

ಅದೇ 1953ರಲ್ಲಿ ಸ್ವಾಮಿ ಎರಡು ಹೊಸ ಪ್ರಭೇದಗಳಿಗೆ ಹೆಸರಿಟ್ಟರು. ದಕ್ಷಿಣ ಭಾರತದ ಕಾಡಿನದೊಂದು ಸಾರ್ಕಾಂಡ್ರಕ್ಕೆ ಸಾರ್ಕಾಂಡ್ರ ಇರ್ವಿಂಗ್‌ಬೈಲಿಯೈ ಎಂದು. ಇದೇ ಕುಟುಂಬದ ಅಸ್ಕರೀನ ಎಂಬ ಜಾತಿಯನ್ನು ಪರಿಷ್ಕರಿಸುವಾಗ ಅದರಲ್ಲಿ ಸಿಕ್ಕ ಹೊಸ ಪ್ರಭೇದಕ್ಕೆ ಅಸ್ಕರೀನ ಮಹೇಶ್ವರಿಯೈ ಎಂದು. ಮೊದಲನೆಯದು ಹಾರ್ವರ್ಡಿನ ಗುರು ಬೈಲಿಯವರ ಹೆಸರು. ಎರಡನೆಯದು ಭಾರತದಲ್ಲಿ ಸಸ್ಯಭ್ರೂಣಶಾಸ್ತ್ರವನ್ನು ಬೆಳೆಸಿದ ಪಂಚಾನನ ಮಹೇಶ್ವರಿಯವರ ಹೆಸರು. ಅವರನ್ನೂ ಸ್ವಾಮಿ ಗುರುಸ್ಥಾನದಲ್ಲಿ ಇಟ್ಟುಕೊಂಡಿದ್ದರು.

ಪ್ರಭೇದದ ಹೆಸರಿಡುವ ನಿಯಮವನ್ನು ಮಕ್ಕಳಿಗೆ ತಿಳಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಗಲಿಲ್ಲ. ಮೊದಲ ಪದ ಜಾತಿ, ಎರಡನೆಯದು ಪ್ರಭೇದ. ಎರಡನೆಯ ಪದದ ಕೊನೆಗೆ ಲ್ಯಾಟಿನ್ನಿನ ಷಷ್ಠೀ ವಿಭಕ್ತಿ; ಬೈಲಿಯವರ ಸಾರ್ಕಾಂಡ್ರ, ಮಹೇಶ್ವರಿಯವರ ಅಸ್ಕರೀನ ಎಂದಂತೆ. ಹೆಸರಿನ ಮುಂದೆ ಅದನ್ನು ಮೊದಲು ವಿವರಿಸಿದವರ ಹೆಸರು, ಇಲ್ಲಿ ಸ್ವಾಮಿ. ಗಿಡಕ್ಕೆ ತನ್ನ ಹೆಸರನ್ನು ತಾನೇ ಇಟ್ಟುಕೊಳ್ಳುವ ವಾಡಿಕೆ ಸಸ್ಯಶಾಸ್ತ್ರಜ್ಞರಲ್ಲಿ ಇಲ್ಲ. ಆ ಕಾಲದಲ್ಲಿ ಹೊಸ ಸಸ್ಯದ ವಿವರಣೆ ಲ್ಯಾಟಿನ್ನಿನಲ್ಲೂ ಇರಬೇಕಿತ್ತು. 2012ರಿಂದ ಇಂಗ್ಲಿಷಿನಲ್ಲಿದ್ದರೂ ಸಾಕು ಎಂದಾಗಿದೆ.

ಪಾಠ ಹೇಳಿದ ಸ್ವಾಮಿ

ವಿದೇಶದಿಂದ ಬಂದ ಮೇಲೆ ಸ್ವಾಮಿಯವರ ಬಹುಕಾಲ ಕಳೆದದ್ದು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ. ಅಲ್ಲಿ ಸಸ್ಯಶಾಸ್ತ್ರದ ಮುಖ್ಯ ಪ್ರಾಧ್ಯಾಪಕರಾಗಿ, ಮುಂದೆ ಪ್ರಾಂಶುಪಾಲರಾಗಿ ಕೆಲಸ ಮಾಡಿದರು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡಿಗೆ ಹೋಗುವುದು ಅವರ ಬೋಧನೆಯ ದೊಡ್ಡ ಭಾಗವಾಗಿತ್ತು. ರೈಲು, ಬಸ್ಸು, ಜಿಗಣೆ, ಮಳೆ, ಊಟ ಸಿಗದ ಊರು, ಎಲ್ಲದರ ನಡುವೆ ಗಿಡ ಗುರುತಿಸುವ ಪಾಠ. ಆ ಪ್ರವಾಸಗಳ ಅನುಭವವೇ ಹಸುರು ಹೊನ್ನು. ಅದರಲ್ಲಿ ಗಿಡದ ಶಾಸ್ತ್ರೀಯ ಹೆಸರು ಬರುತ್ತದೆ, ಊರಿನವರು ಕರೆಯುವ ಹೆಸರು ಬರುತ್ತದೆ, ಹಳೆಯ ಕಾವ್ಯದಲ್ಲಿ ಅದು ಎಲ್ಲಿ ಕಾಣಿಸಿಕೊಂಡಿದೆ ಎಂಬುದು ಬರುತ್ತದೆ, ಜೊತೆಗೆ ಹುಡುಗರ ತರಲೆಯೂ ಬರುತ್ತದೆ. ಚಿತ್ರಗಳನ್ನು ಅವರೇ ಬರೆದರು. ಆರ್ಕಿಡ್ ಭ್ರೂಣಗಳ ಚಿತ್ರ ಬರೆದು ಪಳಗಿದ ಕೈ ಅದು.

1976ರಲ್ಲಿ ಪ್ರಕಟವಾದ ಹಸುರು ಹೊನ್ನಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ತಂದೆ ಡಿವಿಜಿಯವರಿಗೆ 1967ರಲ್ಲೇ ಅದೇ ಪ್ರಶಸ್ತಿ ಬಂದಿತ್ತು. ಆಲೂಗಡ್ಡೆ, ಮೆಣಸಿನಕಾಯಿ, ಕಡಲೆಕಾಯಿ ನಮ್ಮ ನೆಲದವಲ್ಲ, ಅಮೆರಿಕ ಖಂಡದಿಂದ ಬಂದವು ಎಂಬುದನ್ನು ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕದಲ್ಲಿ ವಿವರಿಸಿದರು. ಕಾಲೇಜುಗಳ ಒಳಗಿನ ವ್ಯವಹಾರವನ್ನು ಕಾಲೇಜು ರಂಗ, ಕಾಲೇಜು ತರಂಗಗಳಲ್ಲಿ ನಗಿಸುತ್ತಾ ಟೀಕಿಸಿದರು; ಶಿಕ್ಷಕರಾಗಲು ಹೊರಟ ನಾವು ಓದಲೇಬೇಕಾದ ಪುಸ್ತಕಗಳಿವು. ಶಾಸನ, ಇತಿಹಾಸಗಳ ಬಗ್ಗೆಯೂ ಬರೆದರು. ಯಾವ ವಿಷಯವಾದರೂ ಇದಕ್ಕೆ ಸಾಕ್ಷಿಯೇನು ಎಂದು ಕೇಳುವ ಅಭ್ಯಾಸ ಅವರದು. 1980ರಲ್ಲಿ ತೀರಿಕೊಂಡರು.

ತಿದ್ದಬೇಕಾಗಿ ಬಂದ ಮಾತು

ಮೊದಲ ದಿನ ನಾನು ತರಗತಿಯಲ್ಲಿ ಇಲ್ಲಿಗೆ ಕಥೆ ಮುಗಿಸಿದ್ದೆ. ಕಪ್ಪುಹಲಗೆಯ ಮೇಲೆ ಎರಡು ಹೆಸರು ಬರೆದೆ: ಅಂಬೋರೆಲ್ಲ, ಸಾರ್ಕಾಂಡ್ರ. ಇವೆರಡರಲ್ಲೂ ನಾಳಗಳಿಲ್ಲ ಎಂದೆ. ಮಕ್ಕಳು ಬರೆದುಕೊಂಡರು. ಪ್ರಶ್ನೆ ಕೇಳಿದ ಹುಡುಗಿಗೆ ಸಮಾಧಾನವಾಯಿತು. ನನ್ನ ಪಾಠ ಅವಲೋಕಿಸಿದ ಮಾರ್ಗದರ್ಶಕ ಶಿಕ್ಷಕಿಯೂ ಚೆನ್ನಾಗಿತ್ತೆಂದರು. ಆದರೆ ಸಾರ್ಕಾಂಡ್ರದ ವಿಷಯ ನಿಮಗೆ ಎಲ್ಲಿ ಸಿಕ್ಕಿತು, ಆ ಮೇಲೆ ಯಾರಾದರೂ ನೋಡಿದ್ದಾರೆಯೇ ಎಂದೂ ಕೇಳಿದರು.

ಕಾಲೇಜಿನ ಗ್ರಂಥಾಲಯದಲ್ಲಿ ಸಸ್ಯ ಅಂಗರಚನೆಯ ಪುಸ್ತಕಗಳನ್ನು ತಿರುವಿದಾಗ ಉತ್ತರ ಸಿಕ್ಕಿತು. 1987ರಲ್ಲಿ, ಸ್ವಾಮಿ ತೀರಿಕೊಂಡ ಏಳು ವರ್ಷಗಳ ಮೇಲೆ, ಅಮೆರಿಕದ ಶೆರ್ವಿನ್ ಕಾರ್ಲ್‌ಕ್ವಿಸ್ಟ್ ಅವರು ಸಾರ್ಕಾಂಡ್ರದ ಬೇರಿನ ಮರದಲ್ಲಿ ನಾಳಗಳಿವೆ ಎಂದು ತೋರಿಸಿದ್ದರು. ಕಾಂಡದಲ್ಲೂ ಅಂಥ ಕುರುಹು ಇದೆ ಎಂದು ಬಳಿಕ ವರದಿಗಳು ಬಂದವು. ಕಿಂಡಿಗೆ ಕಟ್ಟಿದ ಬಟ್ಟೆಯ ಉದಾಹರಣೆ ಇಲ್ಲಿ ಮತ್ತೆ ಉಪಯೋಗಕ್ಕೆ ಬಂತು. ಸಾರ್ಕಾಂಡ್ರದ ಕೋಶಗಳು ನೋಡುವುದಕ್ಕೆ ಟ್ರೇಕೀಡಿನಂತೆಯೇ ಉದ್ದ, ಕಿರಿದು. ಆದರೆ ಕೆಲವು ಕೋಶಗಳ ತುದಿಯ ಕಿಂಡಿಗಳಲ್ಲಿ ಬಟ್ಟೆ ಇಲ್ಲ. ಅಲ್ಲಿ ನೀರಿಗೆ ದಾರಿ ತೆರೆದಿದೆ. ಬಟ್ಟೆ ಇದೆಯೋ ಇಲ್ಲವೋ ಎಂಬುದು ಸ್ವಾಮಿಯವರ ಕಾಲದ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಖಚಿತವಾಗಿ ಕಾಣುವಂಥದ್ದಲ್ಲ. ಕಾರ್ಲ್‌ಕ್ವಿಸ್ಟ್ ಅವರ ಕೈಯಲ್ಲಿ ಸ್ಕ್ಯಾನಿಂಗ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವಿತ್ತು. ಅಂಬೋರೆಲ್ಲದಲ್ಲಿ ನಾಳಗಳಿಲ್ಲ ಎಂಬ ಮಾತು ಇಂದಿಗೂ ಪುಸ್ತಕಗಳಲ್ಲಿದೆ. ಸಾರ್ಕಾಂಡ್ರದ ಮಾತು ಉಳಿಯಲಿಲ್ಲ.

ಜೊತೆಗೆ ಇನ್ನೊಂದು ವಿಷಯವೂ ತಿಳಿಯಿತು. ಸ್ವಾಮಿ ತಮ್ಮ ಗುರುವಿನ ಹೆಸರಿಟ್ಟ ಪ್ರಭೇದವನ್ನು ಇಂದಿನ ಹಲವು ಸಸ್ಯಪಟ್ಟಿಗಳು ಪ್ರತ್ಯೇಕ ಪ್ರಭೇದವೆಂದು ಎಣಿಸದೆ, ಮೊದಲೇ ಹೆಸರು ಪಡೆದಿದ್ದ ಇನ್ನೊಂದು ಸಾರ್ಕಾಂಡ್ರದೊಳಗೆ ಸೇರಿಸಿವೆ. ಒಂದೇ ಗಿಡಕ್ಕೆ ಎರಡು ಹೆಸರಿದೆ ಎಂದು ತೀರ್ಮಾನವಾದರೆ ಸಾಮಾನ್ಯವಾಗಿ ಮೊದಲು ಪ್ರಕಟವಾದದ್ದು ಉಳಿಯುತ್ತದೆ. ಎರಡನೆಯದು ಅಳಿದುಹೋಗುವುದಿಲ್ಲ, ಪರ್ಯಾಯ ಹೆಸರಾಗಿ ದಾಖಲೆಯಲ್ಲಿ ಇರುತ್ತದೆ.

ಅಂದು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಕನ್ನಡದ ಮಕ್ಕಳಿಗೆ ಕನ್ನಡದ ವಿಜ್ಞಾನಿಯೊಬ್ಬರನ್ನು ಪರಿಚಯಿಸಿ, ವಾರ ಕಳೆಯುವುದರೊಳಗೆ ಅವರು ಹೇಳಿದ್ದು ಪೂರ್ತಿ ಸರಿಯಲ್ಲ ಎನ್ನಬೇಕಲ್ಲ ಎಂದು ಸಂಕಟವಾಯಿತು. ಘಟಕ ಮುಗಿದಿದೆ, ಪರೀಕ್ಷೆಯಲ್ಲಿ ಇದು ಬರುವುದಿಲ್ಲ, ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಎಂದೂ ಅನ್ನಿಸಿತು. ಆದರೆ ಮಕ್ಕಳ ನೋಟ್‌ಬುಕ್ಕಿನಲ್ಲಿ ನನ್ನ ಮಾತನ್ನು ನಂಬಿ ಬರೆದ ಸಾಲು ಇತ್ತು.

ಮುಂದಿನ ಸೋಮವಾರ ಪಾಠ ಶುರು ಮಾಡುವ ಮೊದಲು ಹತ್ತು ನಿಮಿಷ ತೆಗೆದುಕೊಂಡೆ. ಹಲಗೆಯ ಮೇಲೆ ಮತ್ತೆ ಎರಡೂ ಹೆಸರು ಬರೆದೆ. ಸಾರ್ಕಾಂಡ್ರದ ಮುಂದೆ 1950, 1987 ಎಂದು ಎರಡು ವರ್ಷಗಳನ್ನು ಬರೆದು, ಏನು ಬದಲಾಯಿತೆಂದು ಹೇಳಿದೆ. ತಪ್ಪು ನನ್ನದೂ ಹೌದು, ನಾನು 1950ರಲ್ಲೇ ಓದು ನಿಲ್ಲಿಸಿದ್ದೆ ಎಂದೆ. ಹಿಂದಿನ ಬೆಂಚಿನ ಹುಡುಗನೊಬ್ಬ, ಹಾಗಾದರೆ ಸ್ವಾಮಿಯವರು ಸುಳ್ಳು ಹೇಳಿದರಾ ಎಂದು ಕೇಳಿದ. ನಾನು ಬಾಯಿ ತೆರೆಯುವುದರೊಳಗೆ ಮೊದಲ ಪ್ರಶ್ನೆಯ ಹುಡುಗಿಯೇ ತಿರುಗಿ, ಅವರು ಕಂಡದ್ದನ್ನು ಕಂಡ ಹಾಗೆ ಬರೆದರು, ಬರೆದಿಟ್ಟದ್ದರಿಂದಲೇ ಇನ್ನೊಬ್ಬರು ಅದೇ ಗಿಡ ತೆಗೆದುಕೊಂಡು ನೋಡಲು ಆಯಿತು ಎಂದಳು. ನಾನು ಸೇರಿಸಿದ್ದು ಇಷ್ಟೇ: ಸ್ವಾಮಿ ಗಿಡದ ಹೆಸರು, ಚಿತ್ರ, ಕತ್ತರಿಸಿದ ಭಾಗ ಎಲ್ಲವನ್ನೂ ಸ್ಪಷ್ಟವಾಗಿ ಕೊಟ್ಟಿದ್ದರು, ಆದ್ದರಿಂದಲೇ 37 ವರ್ಷಗಳ ಮೇಲೂ ಅವರ ಮಾತನ್ನು ಪರೀಕ್ಷಿಸಲು ಸಾಧ್ಯವಾಯಿತು.

ತರಗತಿಯಲ್ಲಿ ಉಪಯೋಗ

ಸಾರ್ಕಾಂಡ್ರ ಅಂಜನಾಪುರದಲ್ಲಿ ಬೆಳೆಯುವುದಿಲ್ಲ. ದಳವಿಲ್ಲದ ಹೂವನ್ನು ತೋರಿಸಲು ನಾನು ಹರಳುಗಿಡವನ್ನು ಬಳಸಿದೆ. ಇಲ್ಲಿನ ಖಾಲಿ ಸೈಟುಗಳಲ್ಲಿ ಅದು ಯಾರೂ ನೆಡದೆ ಬೆಳೆಯುತ್ತದೆ. ತೆನೆಯ ಕೆಳಭಾಗದಲ್ಲಿ ಕವಲೊಡೆದ ಕೇಸರಗಳ ಗಂಡುಹೂಗಳು, ಮೇಲ್ಭಾಗದಲ್ಲಿ ಕೆಂಪು ಶಲಾಕಾಗ್ರದ ಹೆಣ್ಣುಹೂಗಳು, ಯಾವುದರಲ್ಲೂ ದಳವಿಲ್ಲ. ನೋಡಿದ ಮಕ್ಕಳಲ್ಲಿ ಹೆಚ್ಚಿನವರು ಅದನ್ನು ಹೂವೆಂದು ಒಪ್ಪಲಿಲ್ಲ. ಭೂತಗನ್ನಡಿ ಕೊಟ್ಟು, ಕೇಸರ ಎಲ್ಲಿದೆ, ಅಂಡಾಶಯ ಎಲ್ಲಿದೆ ಎಂದು ಹುಡುಕಲು ಹೇಳಿದಾಗ ಒಪ್ಪಿದರು. ಇದನ್ನು ಮೆಣಸಿನ ಗುಂಪಿಗೆ ಸೇರಿಸಬಹುದೇ, ಸೇರಿಸಲು ದಳವಿಲ್ಲ ಎಂಬ ಒಂದೇ ಕಾರಣ ಸಾಕೇ ಎಂದು ಕೇಳಿ ಗುಂಪು ಚರ್ಚೆ ಮಾಡಿಸಿದೆ. ಹರಳು ಬೀಜ ವಿಷಕಾರಿಯಾದ್ದರಿಂದ ಯಾರೂ ಬಾಯಿಗೆ ಹಾಕಬಾರದೆಂದು ಮೊದಲೇ ಎಚ್ಚರಿಸಿ, ಕೊನೆಗೆ ಕೈ ತೊಳೆಸುವುದು ಅಗತ್ಯ.

ನಾಳದ ಚಟುವಟಿಕೆಗೆ ಕರ್ಣಕುಂಡಲದ ರೆಂಬೆಯನ್ನು ಕೆಂಪು ಶಾಯಿ ಬೆರೆಸಿದ ನೀರಿನಲ್ಲಿ ಇಟ್ಟು, ಕೆಲವು ಗಂಟೆಗಳ ನಂತರ ಅಡ್ಡ ಕತ್ತರಿಸಿ ತೋರಿಸಬಹುದು. ಪಕ್ಕದಲ್ಲೇ ಗಿಣ್ಣಿರುವ ಒಂದು ಬಿದಿರಿನ ತುಂಡು, ತೂತು ಮಾಡಿದ ಇನ್ನೊಂದು ತುಂಡು ಇಟ್ಟರೆ ಟ್ರೇಕೀಡು, ನಾಳ ಎರಡನ್ನೂ ಮಕ್ಕಳು ತಾವೇ ವಿವರಿಸುತ್ತಾರೆ.

ವಿಜ್ಞಾನಿಯ ಜೀವನವನ್ನು ಪಾಠಕ್ಕೆ ಸೇರಿಸುವ ಗೆಳೆಯರಿಗೆ ನನ್ನ ಒಂದು ಸಲಹೆ ಇದೆ. ಆ ವಿಜ್ಞಾನಿ ತೀರಿಕೊಂಡ ವರ್ಷಕ್ಕೆ ಓದನ್ನು ನಿಲ್ಲಿಸಬೇಡಿ. ಅವರ ಕೆಲಸಕ್ಕೆ ಆಮೇಲೆ ಏನಾಯಿತು ಎಂಬುದನ್ನೂ ಪಾಠಯೋಜನೆಯಲ್ಲಿ ಒಂದು ಸಾಲಾಗಿ ಬರೆದುಕೊಳ್ಳಿ. ನನ್ನ ಮೊದಲ ಯೋಜನೆಯಲ್ಲಿ ಆ ಸಾಲು ಇರಲಿಲ್ಲ, ಈಗ ಸೇರಿಸಿದ್ದೇನೆ. ಬೋಧನಾಭ್ಯಾಸದ ಕೊನೆಯ ದಿನ ಆ ಹುಡುಗಿಯ ನೋಟ್‌ಬುಕ್ ನೋಡಿದೆ. ಸಾರ್ಕಾಂಡ್ರದ ಸಾಲನ್ನು ಅವಳು ಅಳಿಸಿರಲಿಲ್ಲ. ಒಂದು ಗೆರೆ ಎಳೆದು, ಪಕ್ಕದಲ್ಲಿ ಹೊಸ ಸಾಲು ಬರೆದು, ಎರಡಕ್ಕೂ ವರ್ಷ ಹಾಕಿದ್ದಳು.